ಮನೆಯ ಹತ್ತಿರದ ಮೆಕ್ಸಿಕನ್ ಹೋಟೆಲಿನಲ್ಲಿ ಮಧ್ಯಾಹ್ನದ ಊಟ: ಪಟ್ಟಿ ಓದುವುದರಿಂದ ಬಿಲ್ಲು ಕೊಡುವವರೆಗೆ

ಕ್ಯಾಲಿಫೋರ್ನಿಯಾಕ್ಕೆ ಹೊಸದಾಗಿ ಬಂದ ಕನ್ನಡಿಗರೂ, ಮಕ್ಕಳ ಮನೆಗೆ ಆರು ತಿಂಗಳ ಮಟ್ಟಿಗೆ ಬಂದಿರುವ ಅವರ ತಂದೆತಾಯಂದಿರೂ ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ: "ರಸ್ತೆಯ ಕೊನೆಯಲ್ಲೇ ಮೆಕ್ಸಿಕನ್ ಹೋಟೆಲಿದೆ, ಮಧ್ಯಾಹ್ನ ಜನ ತುಂಬಿರುತ್ತಾರೆ, ಅಲ್ಲಿ ನಾವು ಏನು ತಿನ್ನಬಹುದು?" ಈ ಪ್ರಶ್ನೆಗೆ ಒಂದು ಸಾಲಿನ ಉತ್ತರ ಕೊಟ್ಟರೆ ಅದು ತಪ್ಪಾಗುತ್ತದೆ. ಆ ಅಡುಗೆಮನೆಯಲ್ಲಿ ಕೊತ್ತಂಬರಿ ಸೊಪ್ಪು, ಹಸಿಮೆಣಸಿನಕಾಯಿ, ನಿಂಬೆ, ಜೀರಿಗೆ, ಬೇಯಿಸಿದ ಕಾಳು, ಬಿಸಿ ರೊಟ್ಟಿ ಎಲ್ಲವೂ ಇರುವುದರಿಂದ ಅಲ್ಲಿನ ಊಟ ನಮ್ಮ ನಾಲಿಗೆಗೆ ಬೇಗ ಒಗ್ಗುತ್ತದೆ. ಆದರೆ ನೋಡುವುದಕ್ಕೆ ಶುದ್ಧ ಸಸ್ಯಾಹಾರದಂತೆ ಕಾಣುವ ಕಾಳಿನಲ್ಲಿಯೂ ಅನ್ನದಲ್ಲಿಯೂ ಹಂದಿಯ ಕೊಬ್ಬು ಅಥವಾ ಕೋಳಿಯ ಸಾರು ಸೇರಿರಬಹುದು. ಆದ್ದರಿಂದ ತಿನಿಸಿನ ಹೆಸರನ್ನು ಮಾತ್ರ ನೋಡಿ ಆರಿಸಬಾರದು, ಅದನ್ನು ಯಾವುದರಲ್ಲಿ ಬೇಯಿಸಿದ್ದಾರೆ ಎಂದು ಕೇಳಿ ಆರಿಸಬೇಕು. ಈ ಲೇಖನದ ಬಹುಭಾಗ ಆ ಕೇಳುವ ಕ್ರಮದ ಬಗ್ಗೆಯೇ ಇದೆ. ಮಾಂಸ ತಿನ್ನುವವರಾಗಿದ್ದು ಗೋಮಾಂಸವನ್ನೋ ಹಂದಿಮಾಂಸವನ್ನೋ ಬಿಟ್ಟವರಿಗೂ ಇದು ಅಷ್ಟೇ ಉಪಯೋಗಕ್ಕೆ ಬರುತ್ತದೆ.

ಹೊರಡುವ ಮುನ್ನ ಬೇಕಾದ್ದು ಹೆಚ್ಚೇನಿಲ್ಲ. ಸ್ವಲ್ಪ ನಗದು ಇಟ್ಟುಕೊಳ್ಳಿ, ಏಕೆಂದರೆ ಸಣ್ಣ ಅಂಗಡಿಗಳಲ್ಲಿ ಕಡಿಮೆ ಮೊತ್ತಕ್ಕೆ ಕಾರ್ಡ್ ತೆಗೆದುಕೊಳ್ಳದಿರುವುದುಂಟು. ಹನ್ನೆರಡರಿಂದ ಒಂದು ಗಂಟೆಯವರೆಗಿನ ನೂಕುನುಗ್ಗಲನ್ನು ತಪ್ಪಿಸಿ, ಹನ್ನೊಂದೂವರೆಗೋ ಒಂದೂವರೆಯ ನಂತರವೋ ಹೋಗಿ. ಹಿಂದೆ ಇಪ್ಪತ್ತು ಜನ ನಿಂತಿರುವಾಗ ಮೂರು ಪ್ರಶ್ನೆಗಳನ್ನು ಸಮಾಧಾನವಾಗಿ ಕೇಳುವುದು ನಿಮಗೂ ಕಷ್ಟ, ಉತ್ತರ ಹೇಳುವುದು ಅವರಿಗೂ ಕಷ್ಟ.

1. ಹೋಟೆಲು ಯಾವ ಬಗೆಯದೆಂದು ಗುರುತಿಸಿಕೊಳ್ಳಿ

ಸಾಮಾನ್ಯವಾಗಿ ಎರಡು ಬಗೆಯ ಹೋಟೆಲುಗಳು ಕಾಣಸಿಗುತ್ತವೆ. ಒಂದು ಟಾಕೇರಿಯಾ, ಅಂದರೆ ಕೌಂಟರಿನಲ್ಲಿ ಹೇಳಿ, ಹಣ ಕೊಟ್ಟು, ಸಂಖ್ಯೆ ಕೂಗಿದಾಗ ತಟ್ಟೆ ತಂದುಕೊಳ್ಳುವ ಜಾಗ; ನಮ್ಮ ದರ್ಶಿನಿಗಳ ಕ್ರಮವೇ. ಇಲ್ಲಿ ಅಡುಗೆ ನಿಮ್ಮ ಕಣ್ಣೆದುರಿಗೇ ನಡೆಯುವುದರಿಂದ ಕೇಳುವುದೂ ನೋಡುವುದೂ ಸುಲಭ. ಇನ್ನೊಂದು ಮೇಜಿಗೆ ಬಂದು ಬಡಿಸುವ ಕುಟುಂಬದ ಹೋಟೆಲು. ಅಲ್ಲಿ ಕುಳಿತ ಕೂಡಲೇ ಮೆಕ್ಕೆಜೋಳದ ಚಿಪ್ಸ್ ಮತ್ತು ಸಾಲ್ಸಾ ತಂದಿಡುವುದು ವಾಡಿಕೆ. ಸಾಲ್ಸಾ ಎಂದರೆ ಟೊಮೇಟೊ, ಮೆಣಸಿನಕಾಯಿ, ಈರುಳ್ಳಿಗಳ ಗೊಜ್ಜು, ನಂಚಿಕೊಳ್ಳುವುದಕ್ಕೆ. ಬಹಳ ಕಡೆ ಇದಕ್ಕೆ ಬೇರೆ ಹಣವಿಲ್ಲ, ಖಾಲಿಯಾದರೆ ಮತ್ತೆ ತಂದುಕೊಡುತ್ತಾರೆ. ಹಸಿದು ಹೋದವರು ಚಿಪ್ಸಿನಲ್ಲಿಯೇ ಹೊಟ್ಟೆ ತುಂಬಿಸಿಕೊಂಡು ಮುಖ್ಯ ಊಟವನ್ನು ಬಿಟ್ಟು ಏಳುವುದನ್ನು ನಾನು ಬಹಳ ನೋಡಿದ್ದೇನೆ. ಒಂದು ಹಿಡಿಗೆ ನಿಲ್ಲಿಸಿ.

ಮೊದಲ ಸಲ ಹೋಗುವವರಿಗೆ ಟಾಕೇರಿಯಾವನ್ನೇ ನಾನು ಹೇಳುತ್ತೇನೆ. ಒಳಗೆ ಕುಳಿತವರಲ್ಲಿ ಅರ್ಧದಷ್ಟಾದರೂ ಜನ ಸ್ಪ್ಯಾನಿಷ್ ಮಾತನಾಡುತ್ತಿದ್ದರೆ, ಒಳಗಿನಿಂದ ಟೋರ್ಟಿಯಾ ಎಂಬ ರೊಟ್ಟಿ ಸುಡುವ ವಾಸನೆ ಬರುತ್ತಿದ್ದರೆ, ಅದು ನಂಬಬಹುದಾದ ಗುರುತು.

2. ನಿಮ್ಮ ನಿಯಮವನ್ನು ಮೊದಲೇ ನಿರ್ಧರಿಸಿಕೊಳ್ಳಿ

ಇದನ್ನು ಮನೆಯಲ್ಲಿಯೇ ಮಾಡಿಕೊಂಡು ಹೋಗಬೇಕು. ಮಾಂಸದ ತುಂಡು ಇಲ್ಲದಿದ್ದರೆ ಸಾಕೇ, ಅಥವಾ ಮಾಂಸದ ಕೊಬ್ಬು ಮತ್ತು ಸಾರು ಕೂಡ ಸೇರಬಾರದೇ? ಮೊಟ್ಟೆ ಆಗುತ್ತದೆಯೇ? ಮಾಂಸ ಬೇಯಿಸಿದ ಕಾವಲಿಯ ಮೇಲೆಯೇ ನಿಮ್ಮ ಟೋರ್ಟಿಯಾ ಬಿಸಿ ಮಾಡಿದರೆ ನಡೆಯುತ್ತದೆಯೇ? ಇವುಗಳಿಗೆ ಸರಿ ತಪ್ಪು ಎಂಬ ಉತ್ತರವಿಲ್ಲ, ನಿಮ್ಮ ಮನೆಯ ಪದ್ಧತಿ ನಿಮ್ಮದು. ಆದರೆ ಜೊತೆಯಲ್ಲಿ ಹಿರಿಯರಿದ್ದರೆ ಅವರ ಪರವಾಗಿ ನೀವೇ ಊಹಿಸಿಕೊಂಡು ತೀರ್ಮಾನಿಸಬೇಡಿ, ಅವರನ್ನು ಕೇಳಿ. ಕೌಂಟರಿನ ಮುಂದೆ ನಿಂತು ಕನ್ನಡದಲ್ಲಿ ಚರ್ಚೆ ಶುರುವಾದರೆ ಕೊನೆಗೆ ಗಡಿಬಿಡಿಯಲ್ಲಿ ಏನನ್ನೋ ಹೇಳಿಬಿಡುತ್ತೀರಿ.

3. ಪಟ್ಟಿಯನ್ನು ಓದುವ ರೀತಿ

ಮೊದಲು ಉಚ್ಚಾರಣೆಯ ಎರಡು ಸೂತ್ರಗಳು. ಸ್ಪ್ಯಾನಿಷ್ ಹೆಸರಿನಲ್ಲಿ ಎಲ್ ಅಕ್ಷರ ಎರಡು ಸಲ ಜೊತೆಯಾಗಿ ಬಂದರೆ 'ಯ' ಎಂದೂ, ಜೆ ಅಕ್ಷರ ಬಂದರೆ 'ಹ' ಎಂದೂ ಓದಬೇಕು. ಹೀಗಾಗಿಯೇ ಅದು ಟೋರ್ಟಿಯಾ, ಕೆಸಡಿಯಾ, ಹಲಪೆನ್ಯೊ.

ಟೋರ್ಟಿಯಾ ಎಂದರೆ ಅಲ್ಲಿನ ರೊಟ್ಟಿ. ಮೆಕ್ಕೆಜೋಳದ್ದು ಮತ್ತು ಗೋಧಿಯದು ಎಂದು ಎರಡು ಬಗೆ. ಮೆಕ್ಕೆಜೋಳದ ಟೋರ್ಟಿಯಾದ ಹಿಂದೆ ಒಂದು ವಿಶೇಷವಿದೆ, ಅದನ್ನು ತಿಳಿದರೆ ಪರಿಮಳವೂ ಅರ್ಥವಾಗುತ್ತದೆ. ಒಣ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ಹಾಗೆಯೇ ಬಿಟ್ಟು, ತೊಳೆದು, ಆಮೇಲೆ ರುಬ್ಬುತ್ತಾರೆ. ನಾವು ವೀಳ್ಯದೆಲೆಗೆ ಸವರುವ ಸುಣ್ಣವೇ ಅದು. ಇದರಿಂದ ಸಿಪ್ಪೆ ಬಿಡುತ್ತದೆ, ಹಿಟ್ಟಿಗೆ ಜಿಗುಟು ಬರುತ್ತದೆ, ಕಾಳಿನೊಳಗೆ ಬಿಗಿಯಾಗಿ ಕುಳಿತಿದ್ದ ನಯಾಸಿನ್ ಎಂಬ ಜೀವಸತ್ವ ಮೈಗೆ ಹತ್ತುವಂತಾಗುತ್ತದೆ. ಈ ಪದ್ಧತಿಯನ್ನು ಬಿಟ್ಟು ಬರಿಯ ಮೆಕ್ಕೆಜೋಳವನ್ನು ಮಾತ್ರ ಕೊಂಡೊಯ್ದ ಯೂರೋಪಿನ ಬಡವರಲ್ಲಿ ಪೆಲ್ಲಾಗ್ರಾ ಎಂಬ ರೋಗ ಹರಡಿತು. ಹಿಟ್ಟನ್ನು ಕೈಯಲ್ಲಿಯೇ ಮಾಡುವ ಹೋಟೆಲಿನಲ್ಲಿ ಒಂದು ನಿಮಿಷ ನಿಂತು ನೋಡಿ: ನಿಂಬೆಹಣ್ಣಿನ ಗಾತ್ರದ ಉಂಡೆಯನ್ನು ಎರಡು ಹಾಳೆಗಳ ನಡುವೆ ಇಟ್ಟು ಒತ್ತುತ್ತಾರೆ, ಅಂಗೈ ಅಗಲದ ಬಿಲ್ಲೆಯನ್ನು ಕಾದ ಕಾವಲಿಗೆ ಬಿಡುತ್ತಾರೆ, ಎರಡನೆಯ ಸಲ ಮಗುಚಿದಾಗ ಅದು ನಡುವೆ ಉಬ್ಬಿ ನಿಲ್ಲುತ್ತದೆ, ಅಂಚಿನಲ್ಲಿ ಕಂದು ಚುಕ್ಕೆಗಳು ಮೂಡುತ್ತವೆ. ಜೋಳದ ರೊಟ್ಟಿ ಬಡಿಯುವ ಮನೆಯಿಂದ ಬಂದವರಿಗೆ ಆ ಬಿಸಿ ಹಿಟ್ಟಿನ ವಾಸನೆಯನ್ನು ವಿವರಿಸಬೇಕಾಗಿಲ್ಲ.

ಉಳಿದ ಹೆಸರುಗಳಲ್ಲಿ ಹೆಚ್ಚಿನವು ಇದೇ ರೊಟ್ಟಿ, ಕಾಳು, ಪಲ್ಯ, ಗೊಜ್ಜುಗಳ ಬೇರೆ ಬೇರೆ ರೂಪಗಳು. ಟಾಕೊ ಎಂದರೆ ಸಣ್ಣ ಟೋರ್ಟಿಯಾದ ಮೇಲೆ ಪಲ್ಯವನ್ನೋ ಮಾಂಸವನ್ನೋ ಹಾಕಿ ಮಡಚಿದ್ದು. ಬರಿಟೊ ಎಂದರೆ ದೊಡ್ಡ ಗೋಧಿ ಟೋರ್ಟಿಯಾದಲ್ಲಿ ಅನ್ನ, ಕಾಳು, ಉಳಿದದ್ದನ್ನೆಲ್ಲ ತುಂಬಿ ಸುತ್ತಿದ ಸುರುಳಿ. ಸ್ಯಾನ್ ಫ್ರಾನ್ಸಿಸ್ಕೊ ನಗರದ ಮಿಷನ್ ಬಡಾವಣೆಯಲ್ಲಿ 1960ರ ದಶಕದಲ್ಲಿ ರೂಪುಗೊಂಡ, ಬೆಳ್ಳಿ ಬಣ್ಣದ ಅಲ್ಯುಮಿನಿಯಂ ಹಾಳೆಯಲ್ಲಿ ಸುತ್ತಿಕೊಡುವ ಬರಿಟೊ ಅರ್ಧ ಕಿಲೋ ತೂಗುವುದು ಅಪರೂಪವಲ್ಲ. ಕೆಸಡಿಯಾ ಎಂದರೆ ಚೀಸ್ ಇಟ್ಟು ಮಡಚಿ ಕಾಯಿಸಿದ ಟೋರ್ಟಿಯಾ, ಟೊಸ್ಟಾಡಾ ಎಂದರೆ ಗರಿಗರಿ ಟೋರ್ಟಿಯಾದ ಮೇಲೆ ಕಾಳು ಮತ್ತು ಸೊಪ್ಪು, ಎಂಚಿಲಾಡಾ ಎಂದರೆ ಸುರುಳಿ ಮಾಡಿ ಮೆಣಸಿನ ಗೊಜ್ಜಿನಲ್ಲಿ ಮುಳುಗಿಸಿದ್ದು. ತಮಾಲೆಯು ಮೆಕ್ಕೆಜೋಳದ ಹಿಟ್ಟನ್ನು ತೆನೆಯ ಸಿಪ್ಪೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ್ದು. ಹಲಸಿನ ಎಲೆಯ ಕೊಟ್ಟೆ ಕಡುಬನ್ನು ನೆನೆಸಿಕೊಂಡರೆ ಸಾಕು. ಆದರೆ ತಮಾಲೆಯ ಹಿಟ್ಟಿಗೆ ಹಂದಿಯ ಕೊಬ್ಬನ್ನು ಸೇರಿಸಿ ನಾದುವುದೇ ಸಂಪ್ರದಾಯ. ಒಳಗೆ ಚೀಸ್ ಮತ್ತು ಮೆಣಸಿನಕಾಯಿ ಮಾತ್ರ ಇದೆ ಎಂದು ಬರೆದಿದ್ದರೂ ಕಟ್ಟುನಿಟ್ಟಿನವರು ಕೇಳದೆ ಮುಟ್ಟಬಾರದು. ಚಿಲೆ ರೆಯೇನೊ ನಮ್ಮ ಮೆಣಸಿನಕಾಯಿ ಬಜ್ಜಿಯ ಹತ್ತಿರದ ತಿನಿಸು, ಆದರೆ ಹೊರಗಿನ ಲೇಪ ಮೊಟ್ಟೆಯದು.

4. ಮಾಂಸದ ಹೆಸರುಗಳನ್ನು ಗುರುತಿಟ್ಟುಕೊಳ್ಳಿ

ಪೋಯೊ ಎಂದರೆ ಕೋಳಿ, ಪೆಸ್ಕಾದೊ ಎಂದರೆ ಮೀನು, ಕಮರೋನ್ ಎಂದರೆ ಸಿಗಡಿ. ಕಾರ್ನೆ ಅಸಾದಾ, ಬಿಸ್ಟೆಕ್, ಸುವಾದೆರೊ ಇವು ಗೋಮಾಂಸ. ಲೆಂಗುವಾ ಎಂದರೆ ನಾಲಿಗೆ, ಅದೂ ಗೋಮಾಂಸವೇ. ಕಾರ್ನಿಟಾಸ್, ಚೊರಿಸೊ, ಚಿಚರ್ರೋನ್ ಇವು ಹಂದಿಯವು.

ಮೂರು ಕಡೆ ನಮ್ಮವರು ಎಡವುತ್ತಾರೆ. ಮೊದಲನೆಯದು ಅಲ್ ಪಾಸ್ತೋರ್. ನಿಂತ ಕಂಬಿಯಲ್ಲಿ ತಿರುಗುತ್ತಾ ಬೇಯುವ ಕೆಂಪು ಮಾಂಸವನ್ನು ಕಂಡು ಇದು ಕುರಿಯದೋ ಕೋಳಿಯದೋ ಶವರ್ಮಾ ಎಂದುಕೊಳ್ಳುತ್ತಾರೆ. ಆ ಕಂಬಿಯ ಪದ್ಧತಿ ಲೆಬನಾನಿನಿಂದ ಮೆಕ್ಸಿಕೊಗೆ ವಲಸೆ ಹೋದವರಿಂದ ಬಂದದ್ದು ನಿಜ, ಆದರೆ ಮೆಕ್ಸಿಕೊದಲ್ಲಿ ಅದು ಹಂದಿಮಾಂಸಕ್ಕೆ ತಿರುಗಿತು. ಎರಡನೆಯದು ಬಿರ್ರಿಯಾ. ಹಲಿಸ್ಕೊ ಪ್ರಾಂತ್ಯದಲ್ಲಿ ಅದು ಮೇಕೆಯ ಮಾಂಸದ ಅಡುಗೆ, ಅಮೆರಿಕದ ಹೋಟೆಲುಗಳಲ್ಲಿ ಬಹುಪಾಲು ಗೋಮಾಂಸದಿಂದ ಮಾಡುತ್ತಾರೆ. ಮೂರನೆಯದು ಬಾರ್ಬಕೋವಾ, ಅಮೆರಿಕದಲ್ಲಿ ಅದೂ ಹೆಚ್ಚಾಗಿ ಗೋಮಾಂಸವೇ. 'ಮಟನ್' ಎಂದುಕೊಂಡು ಹೇಳುವ ಮುನ್ನ "ಚಿವೊ?" ಎಂದು ಕೇಳಿ, ಚಿವೊ ಎಂದರೆ ಮೇಕೆ. "ರೆಸ್" ಎಂದು ಉತ್ತರ ಬಂದರೆ ಅದು ಗೋಮಾಂಸ.

5. ಕೇಳಲೇಬೇಕಾದ ಮೂರು ಪ್ರಶ್ನೆಗಳು

ಕೌಂಟರಿನವರಿಗೆ ಇಂಗ್ಲಿಷ್ ಬರುವುದೇ ಹೆಚ್ಚು. ಆದರೂ ಒಳಗೆ ಅಡುಗೆ ಮಾಡುವವರಿಗೆ ಪ್ರಶ್ನೆ ತಲುಪಬೇಕಾದರೆ ಸ್ಪ್ಯಾನಿಷ್ ಪದಗಳು ನಿಖರವಾದ ಕೆಲಸ ಮಾಡುತ್ತವೆ. ಅವರ ತ, ದ ಉಚ್ಚಾರಣೆ ನಮ್ಮದರಂತೆಯೇ ಇರುವುದರಿಂದ ಕನ್ನಡಿಗರ ಬಾಯಲ್ಲಿ ಈ ವಾಕ್ಯಗಳು ಸ್ಪಷ್ಟವಾಗಿಯೇ ಬರುತ್ತವೆ. ಮೊದಲಿಗೆ "ಬುಯೆನಾಸ್ ತಾರ್ದೆಸ್" ಎಂದು ನಮಸ್ಕಾರ ಹೇಳಿ. ಪ್ರಶ್ನೆಯ ಕೊನೆಗೆ "ಪೋರ್ ಫಾವೋರ್" ಸೇರಿಸಿ.

ಮೊದಲ ಪ್ರಶ್ನೆ ಕಾಳಿನದು: "ಲೋಸ್ ಫ್ರಿಹೋಲೆಸ್ ತಿಯೆನೆನ್ ಮಾನ್ತೇಕಾ?" ಕಾಳಿನಲ್ಲಿ ಹಂದಿಯ ಕೊಬ್ಬು ಇದೆಯೇ ಎಂದರ್ಥ. ಮಾನ್ತೇಕಾ ಎಂದರೆ ಹಂದಿಯ ಕೊಬ್ಬು, ಮಾನ್ತೆಕೀಯಾ ಎಂದರೆ ಬೆಣ್ಣೆ. ಈ ಎರಡು ಪದಗಳ ವ್ಯತ್ಯಾಸವನ್ನು ದಯವಿಟ್ಟು ಬಾಯಿಪಾಠ ಮಾಡಿಕೊಳ್ಳಿ. ನಾನು ಬಂದ ಹೊಸತರಲ್ಲಿ ಮಾನ್ತೇಕಾ ಎಂದರೆ ಬೆಣ್ಣೆ ಎಂದು ನಂಬಿ, ಅತಿಥಿಯಾಗಿ ಬಂದಿದ್ದ ಹಿರಿಯರಿಗೆ ಧೈರ್ಯವಾಗಿ ಕಾಳು ಬಡಿಸಿದ್ದೆ. ಆ ತಪ್ಪು ಇಂದಿಗೂ ಮನಸ್ಸನ್ನು ಚುಚ್ಚುತ್ತದೆ. ಅರೆದು ಹುರಿದ ಕಾಳಿನಲ್ಲಿ, ಅಂದರೆ ರೆಫ್ರಿತೋಸ್‌ನಲ್ಲಿ, ಕೊಬ್ಬು ಇರುವ ಸಾಧ್ಯತೆ ಹೆಚ್ಚು. ಇಡಿಯಾಗಿ ಬೇಯಿಸಿದ ಕಪ್ಪು ಕಾಳು, ಅಂದರೆ ಫ್ರಿಹೋಲೆಸ್ ನೆಗ್ರೋಸ್, ಅದಕ್ಕಿಂತ ಸುರಕ್ಷಿತ. ಚಾರ್ರೊ ಎಂಬ ಹೆಸರಿನ ಕಾಳಿನಲ್ಲಿ ಹಂದಿಮಾಂಸದ ತುಂಡುಗಳೇ ಇರುತ್ತವೆ, ಅದನ್ನು ಕೇಳುವ ಅಗತ್ಯವೂ ಇಲ್ಲ, ಬಿಟ್ಟುಬಿಡಿ. ಹಲವು ಹೋಟೆಲುಗಳು ಈಗ ಕೊಬ್ಬನ್ನು ಬಿಟ್ಟು ಎಣ್ಣೆಯನ್ನೇ ಬಳಸುತ್ತವೆ, ಕೆಲವರು ಗೋಡೆಯ ಮೇಲೆ ಹಾಗೆ ಬರೆದೂ ಇರುತ್ತಾರೆ.

ಎರಡನೆಯ ಪ್ರಶ್ನೆ ಅನ್ನದ್ದು: "ಎಲ್ ಅರ್ರೋಸ್ ತಿಯೆನೆ ಕಾಲ್ದೊ ದೆ ಪೋಯೊ?" ಅನ್ನಕ್ಕೆ ಕೋಳಿಸಾರು ಹಾಕಿದ್ದೀರಾ ಎಂದರ್ಥ. ಟೊಮೇಟೊ ಬಾತಿನಂತೆ ಕಾಣುವ ಅಲ್ಲಿನ ಕೆಂಪು ಅನ್ನಕ್ಕೆ ಕೋಳಿಸಾರನ್ನೋ ಅದರ ಪುಡಿಯನ್ನೋ ಹಾಕುವುದು ತೀರಾ ಸಾಮಾನ್ಯ. ಪುಡಿಯನ್ನು ಉಪ್ಪಿನಂತೆ ಭಾವಿಸುವ ಅಡುಗೆಯವರು "ಮಾಂಸವಿಲ್ಲ" ಎಂದು ಪ್ರಾಮಾಣಿಕವಾಗಿಯೇ ಹೇಳುತ್ತಾರೆ. ಆದ್ದರಿಂದ ಮಾಂಸ ಇದೆಯೇ ಎಂದು ಕೇಳದೆ ಕಾಲ್ದೊ ಎಂಬ ಪದವನ್ನೇ ಬಳಸಿ ಕೇಳಿ. ನನ್ನ ಅನುಭವದಲ್ಲಿ ಕಾಳಿಗಿಂತ ಅನ್ನದಲ್ಲಿಯೇ ನಮ್ಮವರು ಹೆಚ್ಚು ಮೋಸಹೋಗುತ್ತಾರೆ. ಎಂಚಿಲಾಡಾದ ಗೊಜ್ಜಿಗೂ, ಮೋಲೆ ಎಂಬ ಗಟ್ಟಿ ಮಸಾಲೆ ಗೊಜ್ಜಿಗೂ ಇದೇ ಪ್ರಶ್ನೆ ಅನ್ವಯಿಸುತ್ತದೆ. ಮೋಲೆಯಲ್ಲಿ ಎಳ್ಳು, ಕಡಲೆಕಾಯಿ, ಬಾದಾಮಿಗಳು ಇರುವುದುಂಟು. ಅಲರ್ಜಿ ಇರುವವರು ಜಾಗ್ರತೆ.

ಮೂರನೆಯ ಪ್ರಶ್ನೆ ಟೋರ್ಟಿಯಾದ್ದು: ಅದಕ್ಕೆ ಮಾನ್ತೇಕಾ ಹಾಕಿದ್ದೀರಾ ಎಂದು. ಮೆಕ್ಕೆಜೋಳದ ಟೋರ್ಟಿಯಾದಲ್ಲಿ ಹಿಟ್ಟು, ನೀರು, ಸುಣ್ಣ ಬಿಟ್ಟರೆ ಸಾಮಾನ್ಯವಾಗಿ ಬೇರೇನೂ ಇರುವುದಿಲ್ಲ. ಗೋಧಿಯದಕ್ಕೆ ಕೊಬ್ಬು ಬೇಕೇ ಬೇಕು, ಅದು ಎಣ್ಣೆಯೂ ಆಗಿರಬಹುದು, ಮಾನ್ತೇಕಾವೂ ಆಗಿರಬಹುದು. ಸಂದೇಹವಿದ್ದರೆ "ದೆ ಮಾಯಿಸ್", ಅಂದರೆ ಮೆಕ್ಕೆಜೋಳದ್ದು, ಎಂದು ಹೇಳಿ.

ಚೀಸ್ ಬಗ್ಗೆ ಒಂದು ಮಾತು. ಹಾಲನ್ನು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸಿರಬಹುದು, ಸೂಕ್ಷ್ಮಾಣುಜೀವಿಗಳಿಂದ ತಯಾರಿಸಿದ್ದೂ ಆಗಿರಬಹುದು. ಹೋಟೆಲಿನವರಿಗೆ ಇದು ತಿಳಿದಿರುವುದು ಕಡಿಮೆ, ಅವರನ್ನು ಒತ್ತಾಯಿಸಿ ಕೇಳುವುದರಲ್ಲಿ ಅರ್ಥವಿಲ್ಲ. ಇದು ನಿಮಗೆ ಮುಖ್ಯವಾದರೆ "ಸಿನ್ ಕೇಸೊ, ಸಿನ್ ಕ್ರೇಮಾ" ಎಂದುಬಿಡಿ. ಚೀಸ್ ಬೇಡ, ಕೆನೆ ಬೇಡ ಎಂದರ್ಥ.

ಇನ್ನೊಂದು ಎಚ್ಚರಿಕೆ: "ನೋ ಕಾರ್ನೆ" ಎಂದಷ್ಟೇ ಹೇಳಿದರೆ ಕೋಳಿ ಬರಬಹುದು, ಏಕೆಂದರೆ ಕಾರ್ನೆ ಎಂಬ ಪದ ದಿನಬಳಕೆಯಲ್ಲಿ ಕೆಂಪು ಮಾಂಸವನ್ನು ಸೂಚಿಸುತ್ತದೆ. ಪೂರ್ತಿಯಾಗಿ ಹೇಳಿ: "ನೋ ಕೋಮೊ ಕಾರ್ನೆ, ನಿ ಪೋಯೊ, ನಿ ಪೆಸ್ಕಾದೊ." ಮಾಂಸವನ್ನೂ ಕೋಳಿಯನ್ನೂ ಮೀನನ್ನೂ ನಾನು ತಿನ್ನುವುದಿಲ್ಲ.

6. ಹೇಳುವುದು

ಮೇಲಿನ ಉತ್ತರಗಳು ಅನುಕೂಲವಾಗಿ ಬಂದರೆ ಮೊದಲ ದಿನಕ್ಕೆ ನಾನು ಸೂಚಿಸುವುದು ಇಷ್ಟು: ಮೆಕ್ಕೆಜೋಳದ ಟೋರ್ಟಿಯಾದ ಎರಡು ಟಾಕೊ, ಜೊತೆಗೆ ಒಂದು ಬಟ್ಟಲು ಕಪ್ಪು ಕಾಳು, ಸ್ವಲ್ಪ ಗ್ವಾಕಮೋಲೆ. ಬರಿಟೊ ಬೇಕೆನಿಸಿದರೆ ಇಬ್ಬರ ನಡುವೆ ಒಂದು ಸಾಕು.

ಟಾಕೊದೊಳಗೆ ಏನು? ಪಟ್ಟಿಯಲ್ಲಿ 'ತರಕಾರಿ' ಎಂದಷ್ಟೇ ಇದ್ದರೆ ಹೆಚ್ಚಾಗಿ ದೊಣ್ಣೆಮೆಣಸಿನಕಾಯಿ ಮತ್ತು ಈರುಳ್ಳಿ ಬಾಡಿಸಿ ಹಾಕುತ್ತಾರೆ, ಅದು ಅಷ್ಟೇನೂ ರುಚಿಸುವುದಿಲ್ಲ. ಅದಕ್ಕಿಂತ ಅವರು ತಮ್ಮ ಮನೆಗಳಲ್ಲಿ ತಿನ್ನುವುದನ್ನು ಹುಡುಕಿ. ರಾಹಾಸ್ ಎಂದರೆ ಸುಟ್ಟು ಸಿಪ್ಪೆ ತೆಗೆದು ಸೀಳಿದ ಪೊಬ್ಲಾನೊ ಮೆಣಸಿನಕಾಯಿ, ಖಾರ ಕಡಿಮೆ, ಹೊಗೆಯ ಪರಿಮಳ ಹೆಚ್ಚು. ಆಲೂಗೆಡ್ಡೆಯ ಜೊತೆಗೆ ಕೊಟ್ಟರೆ ಬಹಳ ಚೆನ್ನಾಗಿರುತ್ತದೆ. ಫ್ಲೋರ್ ದೆ ಕಲಬಾಸಾ ಎಂದರೆ ಕುಂಬಳದ ಹೂವು. ನೊಪಾಲೆಸ್ ಎಂದರೆ ನಮ್ಮಲ್ಲಿ ಬೇಲಿಗೆ ಹಚ್ಚುವ ಪಾಪಾಸುಕಳ್ಳಿಯ ಜಾತಿಯದೇ ಎಳೆಯ ಪಟ್ಟೆ, ಮುಳ್ಳು ಕೆರೆದು, ಹೆಚ್ಚಿ ಬೇಯಿಸಿದ್ದು; ಬೆಂಡೆಕಾಯಿಯ ಲೋಳೆ, ತುಸು ಹುಳಿ. ಬೆಂಡೆಕಾಯಿ ಹುಳಿಯನ್ನು ಇಷ್ಟಪಡುವವರು ಇದನ್ನು ಖಂಡಿತ ಇಷ್ಟಪಡುತ್ತಾರೆ. ಗ್ವಾಕಮೋಲೆ ನಿಮಗೆ ಗೊತ್ತಿರುವ ಹಣ್ಣಿನದೇ, ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಬೆಳೆಯುವ ಬೆಣ್ಣೆಹಣ್ಣನ್ನು ಈರುಳ್ಳಿ, ಹಸಿಮೆಣಸು, ಕೊತ್ತಂಬರಿ, ನಿಂಬೆರಸ ಹಾಕಿ ಹಿಚುಕಿದ್ದು. ಅದಕ್ಕೆ ಬೇರೆ ಹಣ ಹಾಕುತ್ತಾರೆ ಎಂಬುದು ನೆನಪಿರಲಿ. ಎಲೋತೆ ಎಂದರೆ ಸುಟ್ಟ ಮೆಕ್ಕೆಜೋಳದ ತೆನೆ, ಮೇಲೆ ಮೊಟ್ಟೆಯಿಂದ ಮಾಡಿದ ಮೇಯನೇಸ್ ಮತ್ತು ಚೀಸ್ ಸವರಿರುತ್ತಾರೆ. ಅವೆರಡನ್ನೂ ಬೇಡವೆಂದರೆ ಉಳಿಯುವುದು ನಿಂಬೆ, ಉಪ್ಪು, ಖಾರದ ಪುಡಿ, ಅಂದರೆ ನಮ್ಮ ರಸ್ತೆಬದಿಯ ತೆನೆಯೇ.

ಕಾವಲಿಯ ಬಗ್ಗೆ ಕಟ್ಟುನಿಟ್ಟಿರುವವರು ಇದನ್ನು ಹೇಳುವಾಗಲೇ ವಿನಯದಿಂದ ತಿಳಿಸಿ. ಬಿಡುವಿನ ವೇಳೆಯಲ್ಲಿ ಹೋಗಿದ್ದರೆ ಒಂದು ಬದಿಯನ್ನು ಒರೆಸಿ ಅಲ್ಲಿ ಬಿಸಿ ಮಾಡಿಕೊಡುತ್ತಾರೆ. ಕರಿದ ಚಿಪ್ಸ್‌ಗೆ ಪ್ರತ್ಯೇಕ ಬಾಣಲೆ ಇದೆಯೇ ಎಂಬುದನ್ನೂ ಕೇಳಬಹುದು. ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರಿಗೆ ಮಾತ್ರ ಈ ಅಡುಗೆಮನೆಯಲ್ಲಿ ಹೊಟ್ಟೆ ತುಂಬ ಊಟ ಸಿಗುವುದು ಕಷ್ಟ ಎಂಬುದನ್ನು ಸ್ಪಷ್ಟವಾಗಿಯೇ ಹೇಳುತ್ತೇನೆ: ಬಿಸಿ ಟೋರ್ಟಿಯಾ, ಹೆಚ್ಚಿದ ಬೆಣ್ಣೆಹಣ್ಣು, ಎಲೋತೆ, ಹಣ್ಣಿನ ಹೋಳುಗಳು, ಇಷ್ಟಕ್ಕೆ ತೃಪ್ತಿಪಡಬೇಕಾಗುತ್ತದೆ.

7. ಸಾಲ್ಸಾ ಆರಿಸುವುದು

ಮೆಣಸಿನಕಾಯಿಯ ತವರು ಮೆಕ್ಸಿಕೊ, ಪೋರ್ಚುಗೀಸರ ಹಡಗುಗಳಲ್ಲಿ ಅದು ನಮ್ಮ ಕರಾವಳಿಗೆ ಬಂತು. ಆದ್ದರಿಂದ "ನಾವು ಖಾರ ತಿನ್ನುವವರು" ಎಂಬ ಧೈರ್ಯದಿಂದ ಮೊದಲ ತುತ್ತಿಗೇ ಸುರಿದುಕೊಳ್ಳಬೇಡಿ. ಬಣ್ಣ ನೋಡಿ ಖಾರ ಅಳೆಯಲಾಗದು. ಗಾಢ ಕೆಂಪಿನದು ಗ್ವಾಹಿಯೊ ಮೆಣಸಿನದಾದರೆ ಬ್ಯಾಡಗಿಯಂತೆ ಬಣ್ಣ ಹೆಚ್ಚು, ಖಾರ ಕಡಿಮೆ. ಅರ್ಬೋಲ್ ಮೆಣಸಿನದಾದರೆ ಗುಂಟೂರಿನಂತೆ ಚುರುಕು. ತಿಳಿಹಸಿರಿನ ನುಣುಪು ಗೊಜ್ಜು ಬೆಣ್ಣೆಹಣ್ಣಿನದೆಂದು ಅನಿಸಿದರೂ ಅದು ಹಸಿಮೆಣಸನ್ನೇ ಅರೆದದ್ದಾಗಿರಬಹುದು. ಕಿತ್ತಳೆ ಬಣ್ಣದ್ದು ಹೆಚ್ಚಾಗಿ ಹಬನೇರೊ ಮೆಣಸಿನದು, ಅದನ್ನು ಚಮಚದ ತುದಿಯಲ್ಲಿ ಮುಟ್ಟಿ ನೋಡಿ ಸಾಕು. ಹಸಿ ಟೊಮೇಟೊ, ಈರುಳ್ಳಿ, ಕೊತ್ತಂಬರಿ ಹೆಚ್ಚಿ ಬೆರೆಸಿದ ಪೀಕೊ ದೆ ಗಾಯೊ ನಮ್ಮ ಕೋಸಂಬರಿಯಂತೆ ಸೌಮ್ಯ, ಮಕ್ಕಳಿಗೂ ಹಿರಿಯರಿಗೂ ಸರಿ. ಸಾಲ್ಸಾಗಳ ಸಾಲಿನಲ್ಲಿ ವಿನಿಗರ್‌ನಲ್ಲಿ ನೆನೆಸಿದ ಕ್ಯಾರೆಟ್ ಮತ್ತು ಹಲಪೆನ್ಯೊ ಎಂಬ ಹಸಿಮೆಣಸಿನಕಾಯಿ ಇದ್ದರೆ ಬಿಡಬೇಡಿ; ಕಾಳಿನ ಜೊತೆ ಉಪ್ಪಿನಕಾಯಿಯ ಸ್ಥಾನವನ್ನು ಅದು ತುಂಬುತ್ತದೆ.

8. ಕುಡಿಯಲು

ಅಗುವಾ ಫ್ರೆಸ್ಕಾ ಎಂದರೆ ದೊಡ್ಡ ಗಾಜಿನ ಜಾಡಿಗಳಲ್ಲಿ ಇಟ್ಟಿರುವ ಪಾನಕಗಳು. ಜಮೈಕಾ ದ್ವೀಪದ ಹೆಸರಿನಂತೆಯೇ ಬರೆದು 'ಹಮಾಯ್ಕಾ' ಎಂದು ಓದುವ ಕೆಂಪು ಪಾನಕ ಪುಂಡಿ ಜಾತಿಯ ಗಿಡದ ಹೂಗವಚವನ್ನು ಕುದಿಸಿ ಮಾಡಿದ್ದು. ಪುಂಡಿಪಲ್ಯದ ಹುಳಿ ಗೊತ್ತಿರುವ ಉತ್ತರ ಕರ್ನಾಟಕದವರಿಗೆ ಅದು ಮೊದಲ ಗುಟುಕಿಗೇ ಹಿಡಿಸುತ್ತದೆ. ತಮರಿಂದೊ ಹುಣಸೆಯದು. ಓರ್ಚಾತಾ ಅಕ್ಕಿ ನೆನೆಸಿ ಅರೆದು ದಾಲ್ಚಿನ್ನಿ ಹಾಕಿದ್ದು, ಕೆಲವರು ಹಾಲನ್ನೂ ಸೇರಿಸುತ್ತಾರೆ. ಮೂರರಲ್ಲಿಯೂ ಸಕ್ಕರೆ ಧಾರಾಳವಾಗಿರುತ್ತದೆ, ಮಧುಮೇಹ ಇರುವವರು ನೀರನ್ನೇ ಕೇಳಿ.

9. ಬಿಲ್ಲು ಮತ್ತು ಉಳಿದ ಊಟ

ಪಟ್ಟಿಯ ಬೆಲೆಗೆ ಮಾರಾಟ ತೆರಿಗೆ ಸೇರಿರುವುದಿಲ್ಲ. ಮೇಜಿಗೆ ಬಡಿಸಿದವರಿಗೆ ಶೇ. 15ರಿಂದ 20ರಷ್ಟು ಟಿಪ್ಸ್ ಕೊಡುವುದು ರೂಢಿ. ದೊಡ್ಡ ಗುಂಪಾಗಿ ಹೋಗಿದ್ದರೆ ಅದನ್ನು ಬಿಲ್ಲಿನಲ್ಲಿಯೇ ಸೇರಿಸಿರಬಹುದು, ಎರಡು ಸಲ ಕೊಡುವ ಮುನ್ನ ಓದಿ ನೋಡಿ. ಕೌಂಟರಿನಲ್ಲಿ ಡಬ್ಬಿ ಇಟ್ಟಿರುತ್ತಾರೆ, ಅಲ್ಲಿ ಕೊಡುವುದು ನಿಮ್ಮಿಷ್ಟ. ಆದರೆ ನಿಮಗಾಗಿ ಕಾವಲಿ ಒರೆಸಿ, ಒಳಗೆ ಹೋಗಿ ಕೇಳಿಕೊಂಡು ಬಂದವರಿಗೆ ಒಂದೆರಡು ಡಾಲರ್ ಹಾಕಿ "ಗ್ರಾಸಿಯಾಸ್" ಎನ್ನುವುದು ನ್ಯಾಯ.

ಉಳಿದದ್ದನ್ನು ಕಟ್ಟಿಸಿಕೊಂಡು ಬಂದರೆ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಇಡಿ, ಬೇಯಿಸಿದ ಅನ್ನ ಹೊರಗೆ ಬಹಳ ಹೊತ್ತು ಇರಬಾರದು. ಬರಿಟೊವನ್ನು ಬೆಳ್ಳಿ ಹಾಳೆಯ ಸಮೇತ ಮೈಕ್ರೋವೇವ್‌ನಲ್ಲಿ ಇಡಬೇಡಿ, ಹಾಳೆ ಬಿಡಿಸಿಯೇ ಇಡಿ. ಮೆಕ್ಕೆಜೋಳದ ಟೋರ್ಟಿಯಾಗಳನ್ನು ಮಾತ್ರ ಒಣ ಕಾವಲಿಯ ಮೇಲೆ ಪ್ರತಿ ಬದಿಗೆ ಅರ್ಧ ನಿಮಿಷ ಕಾಯಿಸಿ, ಬಟ್ಟೆಯಲ್ಲಿ ಸುತ್ತಿಟ್ಟು ಬಡಿಸಿ.